ಎಸ್ತರ್ ಕಲಿತ ನಾಲ್ಕು ಮಾತು

“ಇನ್ನೊಬ್ಬರು ಹೇಳಿದ್ದು ಸುಳ್ಳು ಅನ್ನೋದಕ್ಕೆ ನಮ್ಮ ಇಂಗ್ಲಿಷಲ್ಲಿ ಒಂದೇ ಮಾತಿಲ್ಲ ಕಣೆ ಬೆಲ್ಲಾ, ಮೆಟ್ಟಿಲು ಮೆಟ್ಟಿಲಾಗಿವೆ. ಎಲ್ಲಕ್ಕಿಂತ ಕೆಳಗಿಂದು ಡಿನೈ. ಅಂದ್ರೆ ಬರೀ ಇಲ್ಲ ಅನ್ನೋದು. ಅದಕ್ಕೆ ಬಾಯಿ ಒಂದಿದ್ರೆ ಸಾಕು. ಕೋಳಿ ಕದ್ದೋನೂ ಇಲ್ಲ ಅಂತಾನೆ, ಕದೀದೇ ಇರೋನೂ ಇಲ್ಲ ಅಂತಾನೆ, ಕೇಳೋರಿಗೆ ಎರಡೂ ಒಂದೇ. ಅದರ ಮೇಲಿಂದು ರಿಬಟ್. ಅವರೊಂದು ಸಾಕ್ಷಿ ತಂದು ಮೇಜಿನ ಮೇಲಿಟ್ರೆ ನಾವೂ ಒಂದು ತಂದು ಅದರ ಎದುರಿಗೆ ಇಡೋದು. ಇಟ್ಟ ಮಾತ್ರಕ್ಕೆ ಗೆದ್ದಂಗಲ್ಲ. ಸುಮ್ಮನೆ ಕೂತಿಲ್ಲ ಅಂತ ತೋರಿಸಿದಂಗೆ, ಅಷ್ಟೆ. ಮೂರನೇದು ರೆಫ್ಯೂಟ್. ಅದು ಬಂತು ಅಂದ್ರೆ ಅವರ ಮಾತಿಗೆ ಕಾಲೇ ಇರಲ್ಲ, ನಿಂತ ಜಾಗದಲ್ಲೇ ಕುಸಿದು ಹೋಗ್ಬೇಕು. ಆಮೇಲೆ ಕನ್‌ಫ್ಯೂಟ್ ಅಂತ ಒಂದಿದೆ, ಹಳೇ ಮಾತು, ಪಾದ್ರಿಗಳ ಬಾಯಲ್ಲಿ ಕೇಳಿರ್ತೀಯ. ಅದರಲ್ಲಿ ಮಾತು ಬೀಳೋದಲ್ಲ, ಮಾತಾಡಿದ ಮನುಷ್ಯನೇ ಎಲ್ಲರ ಮುಂದೆ ತಲೆ ತಗ್ಗಿಸೋದು. ನನಗೆ ಅದು ಬೇಡ. ಯಾರ ತಲೆ ತಗ್ಗಿಸಿ ನನಗೇನಾಗ್ಬೇಕು. ಮೂರನೇದೊಂದು ಸಿಕ್ಕಿದ್ರೆ ಸಾಕು. ಹದಿಮೂರು ವರ್ಷದಿಂದ ಕೆಳಗಿನ ಮೆಟ್ಟಿಲ ಮೇಲೇ ನಿಂತು ಕಾಲು ಸೋತಿದೆ.”

ಎಸ್ತರ್ ಹೆಸ್ಲಪ್ ಇದನ್ನು ಹೇಳಿದ್ದು ಪಕ್ಕದ ಮನೆಯ ಬೆಲ್ಲಾಳಿಗೆ, ಎರಡು ಹಿತ್ತಿಲುಗಳ ನಡುವಿನ ಗೋಡೆಗೆ ಮೊಣಕೈ ಊರಿಕೊಂಡು. ಇಂಗ್ಲೆಂಡಿನ ಡರಮ್ ಸೀಮೆಯ ಸ್ಕೆಲ್ಡನ್ ಕಲ್ಲಿದ್ದಲ ಗಣಿಯಲ್ಲಿ ಇಟ್ಟಿಗೆ ಗೋಡೆ ಕಟ್ಟಿ ಮುಚ್ಚಿದ್ದ ಉತ್ತರದ ಭಾಗವನ್ನು ಮತ್ತೆ ತೆರೆಯುತ್ತಾರೆಂದು ಗಣಿಯ ಬಾಗಿಲಿಗೆ ಕಾಗದ ಅಂಟಿಸಿದ್ದ ವಾರ ಅದು. ದೊಡ್ಡ ಯುದ್ಧ ಮುಗಿದು ಒಂದು ಚಳಿಗಾಲ ಕಳೆದಿತ್ತು. ಬೆಲ್ಲಾ ಒಲೆಯ ಮೇಲೆ ಏನನ್ನೋ ಬಿಟ್ಟು ಬಂದವಳು, ಆದರೂ ಪೂರ್ತಿ ಕೇಳಿಸಿಕೊಂಡಳು.

“ನಮ್ಮನೇಲಿ ಇಷ್ಟೊಂದು ಮೆಟ್ಟಿಲಿಲ್ಲಪ್ಪ” ಎಂದಳು. “ಸುಳ್ಳು ಬೊಗಳಬೇಡ ಅಂತೀನಿ, ನನ್ನ ಗಂಡ ಟೋಪಿ ತಗೊಂಡು ಹೊರಗೆ ಹೋಗ್ತಾನೆ. ಅಲ್ಲಿಗೆ ಮುಗೀತು.”

ಎಸ್ತರ್ ನಕ್ಕಳು. ಅವಳು ನಕ್ಕಿದ್ದನ್ನು ಕಂಡು ಬೆಲ್ಲಾಳಿಗೇ ಆಶ್ಚರ್ಯವಾಯಿತು.

ಎಸ್ತರ್ ಹುಟ್ಟಿದ್ದು ಗಣಿಯವರ ಮನೆಗಳ ಮೂರನೇ ಸಾಲಿನಲ್ಲಿ. ಒಂಬತ್ತು ತುಂಬುವಷ್ಟರಲ್ಲಿ ತಾಯಿ ಹೋದಳು. ಹನ್ನೆರಡಕ್ಕೆ ಶಾಲೆ ಬಿಟ್ಟು ಅಪ್ಪನಿಗೆ ಅಡುಗೆ ಮಾಡಿ ಹಾಕತೊಡಗಿದಳು. ಜೊತೆಗೆ ಊರಿನ ಪ್ರಾರ್ಥನಾಮಂದಿರವಾದ ಚಾಪೆಲಿನ ಮತ್ತು ಅದಕ್ಕೆ ಅಂಟಿಕೊಂಡ ಶಾಲೆಕೋಣೆಯ ಕಸ ಗುಡಿಸಿ, ಬೆಂಚು ಒರೆಸಿ, ಒಲೆ ಹಚ್ಚುವ ಕೆಲಸ. ಅಪ್ಪ ಮ್ಯಾಥ್ಯೂ ಹೆಸ್ಲಪ್ ಗಣಿಯ ಡೆಪ್ಯುಟಿ. ಪಾಳಿಯ ಜನ ಒಳಗೆ ಕಾಲಿಡುವ ಮೊದಲು ಡೆಪ್ಯುಟಿಯಾದವನು ದೀಪ ಹಿಡಿದು ಕಲ್ಲಿದ್ದಲು ಕಡಿಯುವ ಜಾಗದವರೆಗೂ ಒಬ್ಬನೇ ಹೋಗಿ ಕಿಡಿ ತಾಗಿದರೆ ಸಿಡಿಯುವ ವಿಷಗಾಳಿ ಉಂಟೋ ಇಲ್ಲವೋ ನೋಡಬೇಕು. ನೋಡಿದ್ದಕ್ಕೆ ಗುರುತಾಗಿ ಅಲ್ಲಿನ ಕಂಬದ ಮೇಲೆ ಸೀಮೆಸುಣ್ಣದಿಂದ ತನ್ನ ಹೆಸರಿನ ಎರಡು ಅಕ್ಷರ, ಕೆಳಗೆ ತಾರೀಖು ಬರೆಯಬೇಕು. ಆಮೇಲೆ ಹಿಂದೆ ಬಂದು, ತನ್ನ ಮರದ ಪೆಟ್ಟಿಗೆಯ ಮೇಲೆ ಕೂತು ಪುಸ್ತಕದಲ್ಲಿ ಸಹಿ ಹಾಕಬೇಕು. ಮ್ಯಾಥ್ಯೂವಿನ ಕೋಟಿನ ಎಡ ಜೇಬು ಒಳಗೆಲ್ಲ ಬೆಳ್ಳಗಿರುತ್ತಿತ್ತು. ಎಷ್ಟು ಒಗೆದರೂ ಆ ಬಿಳುಪು ಬಿಡುತ್ತಿರಲಿಲ್ಲ.

ಎಸ್ತರ್‌ಗೆ ಇಪ್ಪತ್ತೊಂದಾಗಿದ್ದಾಗ ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ಉತ್ತರದ ಭಾಗ ಸಿಡಿಯಿತು. ಹತ್ತೊಂಬತ್ತು ಜನ ಸತ್ತರು. ಮ್ಯಾಥ್ಯೂ ತನ್ನ ಪೆಟ್ಟಿಗೆಯ ಪಕ್ಕದಲ್ಲೇ ಬಿದ್ದಿದ್ದ. ಅವನನ್ನು ಹೊತ್ತು ತಂದವನು ರಾಬ್ ಟೇಟ್. ಇಪ್ಪತ್ತು ವರ್ಷ ಇಬ್ಬರೂ ಒಟ್ಟಿಗೆ ದುಡಿದವರು. ಎಸ್ತರ್ ಮಗುವಾಗಿದ್ದಾಗಿನಿಂದ ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದಳು. ಎರಡು ದಿನದಲ್ಲಿ ಹೆಣಗಳೆಲ್ಲ ಮೇಲೆ ಬಂದವು. ಅಷ್ಟರಲ್ಲಿ ಒಳಗೆ ಬೆಂಕಿ ಹೊತ್ತಿಕೊಂಡಿತು. ಗಾಳಿ ಹೋಗದಂತೆ ಇಟ್ಟಿಗೆ ಗೋಡೆ ಎಬ್ಬಿಸಿ ಮುಚ್ಚಿದರು.

ವಿಚಾರಣೆ ನಡೆದದ್ದು ಚಾಪೆಲಿನ ಶಾಲೆಕೋಣೆಯಲ್ಲಿ. ಊರಲ್ಲಿ ಅಷ್ಟು ಜನ ಹಿಡಿಸುವ ಜಾಗ ಬೇರೆ ಇರಲಿಲ್ಲ. ಹಾಗಾಗಿ ಅಪ್ಪನ ಮೇಲೆ ತಪ್ಪು ಹೊರಿಸಲು ಬಂದವರಿಗೆ ಒಲೆ ಹಚ್ಚಿ ಕೊಟ್ಟವಳು ಎಸ್ತರ್. ಐದು ದಿನ ಅವಳು ಹಿಂದಿನ ಬೆಂಚಿನಲ್ಲಿ ಬಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡು ಕೂತಳು.

ಗಣಿಯ ಕಡೆಯ ವಕೀಲ ಬಲು ಮೆತ್ತಗೆ ಮಾತಾಡುವವನು. ಪುಸ್ತಕದಲ್ಲಿ ಹೆಸ್ಲಪ್‌ನ ಸಹಿ ಇದೆ, ‘ಗಾಳಿ ಶುದ್ಧ’ ಎಂದು ಬರೆದಿದೆ, ಒಪ್ಪಿದೆ ಎಂದ. ಆದರೆ ಗಣಿಯೊಳಗೆ ಬಂಡಿಯ ಕುದುರೆ ಹೊಡೆಯುವವನೊಬ್ಬ ಆ ಬೆಳಿಗ್ಗೆ ಅವನು ಪೆಟ್ಟಿಗೆಯ ಮೇಲೆ ಕೂತು ಚಹಾ ಕುಡಿಯುವುದನ್ನು ಕಂಡಿದ್ದಾನೆ. ಒಳಗೆ ಹೋಗಿ ಬಂದು ಕೂತದ್ದೋ, ಹೋಗದೆಯೇ ಕೂತು ಸಹಿ ಹಾಕಿದ್ದೋ? ಅವನು ಹೋಗಿ ನೋಡಿದ್ದರೆ ಗಾಳಿ ಶುದ್ಧವಿತ್ತು, ವಿಷಗಾಳಿ ಆಮೇಲೆ ನುಗ್ಗಿತು, ಅಂದರೆ ಗಣಿಯೊಳಕ್ಕೆ ಗಾಳಿ ಹಾಯಿಸುವ ಬೀಸಣಿಗೆ ಯಂತ್ರ ಸರಿಯಿರಲಿಲ್ಲ, ತಪ್ಪು ಒಡೆಯರದು. ಹೋಗದಿದ್ದರೆ ತಪ್ಪು ಹೆಸ್ಲಪ್‌ನದು. “ಅವನು ಹೋಗಿದ್ದ ಎಂದು ಅವನ ಕಡೆಯವರು ಹೇಳುತ್ತಾರೆ. ಅದು ಬರೀ ಡಿನೈ. ಇದನ್ನು ರೆಫ್ಯೂಟ್ ಮಾಡುವಂಥದ್ದು ಏನಿದೆ?” ಎಂದು ಕೇಳಿ ವಕೀಲ ಕನ್ನಡಕ ಒರೆಸಿಕೊಂಡ.

ಇದ್ದದ್ದು ಒಂದೇ, ಕಂಬದ ಮೇಲಿನ ಸೀಮೆಸುಣ್ಣ. ಅದು ಗೋಡೆಯಾಚೆ ಇತ್ತು. ಹೊಗೆಯಲ್ಲಿ ಹೆಣ ಹೊತ್ತವರಲ್ಲಿ ಯಾರೂ ಕಂಬ ನೋಡಿರಲಿಲ್ಲ.

ತೀರ್ಪು ಮ್ಯಾಥ್ಯೂವಿನ ಮೇಲೆ ಬಂತು. ಚಾಪೆಲಿನ ಅಂಗಳದಲ್ಲಿ ಸತ್ತವರ ನೆನಪಿಗೆ ಕಲ್ಲು ನೆಟ್ಟಾಗ ಅದರ ಮೇಲೆ ಹದಿನೆಂಟು ಹೆಸರು ಕೆತ್ತಿದರು. ಗಣಿ ಕೆಲಸಗಾರರ ಸಂಘದ ಕಾರ್ಯದರ್ಶಿ ಎಸ್ತರಳನ್ನು ಪಕ್ಕಕ್ಕೆ ಕರೆದು, “ಕೆಳಗೆ ಒಂದು ಸಾಲಿನಷ್ಟು ಜಾಗ ಬಿಡಿಸಿದೀನಮ್ಮ. ಮುಂದೆ ಏನಾದ್ರೂ ಹೊರಗೆ ಬಂದ್ರೆ ಕೆತ್ತಿಸೋಣ. ಈಗ ಕೆತ್ತಿಸಿದ್ರೆ ಸತ್ತೋರ ಮನೆ ಹೆಂಗಸರು ಕಲ್ಲನ್ನೇ ಒಡೀತಾರೆ” ಎಂದ. ಆ ಕಲ್ಲಿನ ಸುತ್ತ ಬೆಳೆಯುವ ಹುಲ್ಲನ್ನು ಕೀಳುವುದೂ ಎಸ್ತರಳ ಕೆಲಸವೇ ಆಗಿತ್ತು.

ವಕೀಲ ಆಡಿದ ಮಾತುಗಳು ಅವಳ ತಲೆಯಲ್ಲಿ ಕೂತುಬಿಟ್ಟವು. ಗಣಿಯವರ ಓದುವ ಮನೆಯಲ್ಲಿ ಒಂದು ದೊಡ್ಡ ನಿಘಂಟು ಇತ್ತು, ಆದರೆ ಅಲ್ಲಿಗೆ ಹೆಂಗಸರು ಹೋಗುವಂತಿರಲಿಲ್ಲ. ಅಲ್ಲಿನ ಕಾವಲುಗಾರ ಒಂದು ಕಾಲು ಗಣಿಯಲ್ಲಿ ಕಳೆದುಕೊಂಡವನು. ಅವನು ಪುಸ್ತಕವನ್ನು ಹೊರಜಗಲಿಯ ಕಿಟಕಿಯ ಕಟ್ಟೆಯ ಮೇಲಿಟ್ಟು, “ಇಲ್ಲೇ ನಿಂತು ಓದು. ಒಳಗೆ ಕಾಲಿಟ್ರೆ ನನಗಿರೋ ಒಂದು ಕಾಲೂ ಕಿತ್ತುಬಿಡ್ತಾರೆ. ಇಂಥಾ ಪುಸ್ತಕ ಓದಿ ಯಾವ ಹುಡುಗಿಗೂ ಗಂಡ ಸಿಕ್ಕಿದ್ದು ನಾನು ಕಂಡಿಲ್ಲ” ಎನ್ನುತ್ತಿದ್ದ. ಗಂಡ ಸಿಗಲಿಲ್ಲ, ನಿಜ. ಪಕ್ಕದ ಊರಿನ ಬಡಗಿಯೊಬ್ಬ ಕೇಳಿದ್ದ. ಅಪ್ಪನ ಹೆಸರು ಕಲ್ಲಿಗೆ ಏರಲಿ, ಆಮೇಲೆ ಎಂದಳು ಎಸ್ತರ್. ಅವನು ಎರಡು ವರ್ಷ ಕಾದ.

ಊರಿನವರೆಲ್ಲ ಕೆಟ್ಟವರಲ್ಲ. ಆದರೆ ಮಿಸೆಸ್ ಪಿಯರ್ಟ್ ಇದ್ದಳು. ಇಬ್ಬರು ಗಂಡುಮಕ್ಕಳನ್ನು ಅದೇ ಬೆಳಿಗ್ಗೆ ಕಳೆದುಕೊಂಡವಳು. ಅಂಗಡಿಯಲ್ಲಿ ಎಸ್ತರ್ ಹಿಂದೆ ನಿಂತಿದ್ದರೆ, ಗೊತ್ತಿಲ್ಲದವಳಂತೆ ಅಂಗಡಿಯವನಿಗೆ ಹೇಳುವಳು: “ಚಹಾಪುಡಿ ಒಳ್ಳೇದು ಕೊಡಪ್ಪ. ಕೂತು ಕುಡಿಯೋರಿಗೆ ರುಚಿ ಬೇಕಲ್ಲ. ಒಳಗಿರೋರು ಬೆಂದ್ರೇನಂತೆ.”

“ನಮ್ಮಪ್ಪ ಹೋಗಿದ್ರು ಮಿಸೆಸ್ ಪಿಯರ್ಟ್.”

“ನೀನು ಕಂಡಿದ್ಯಾ?”

“ಇಲ್ಲ.”

“ಹಂಗಾದ್ರೆ ಸುಮ್ನಿರು.”

ಹದಿಮೂರು ವರ್ಷದಲ್ಲಿ ಈ ನಾಲ್ಕು ಮಾತು ಎಷ್ಟು ಸಲ ನಡೆದಿರಬೇಕು. ಎಸ್ತರ್ ಒಂದು ಸಲವೂ ಐದನೆಯದನ್ನು ಸೇರಿಸಲಿಲ್ಲ.

ಈಗ ಗೋಡೆ ಒಡೆಯುತ್ತಾರೆಂದಾಗ, ಒಳಗೆ ಹೋಗುವ ಆರು ಜನರಲ್ಲಿ ರಾಬ್ ತಾನಾಗಿಯೇ ಹೆಸರು ಕೊಟ್ಟ. ಅವನಿಗೆ ಐವತ್ತೆಂಟು, ಎದೆ ಆಗಲೇ ಸಿಳ್ಳೆ ಹೊಡೆಯುತ್ತಿತ್ತು. ಕೆಲವು ವರ್ಷದಿಂದ ಅವನೂ ಡೆಪ್ಯುಟಿ. ಹೋಗುವ ಹಿಂದಿನ ಮಧ್ಯಾಹ್ನ ಎಸ್ತರಳ ಅಡುಗೆಮನೆಯಲ್ಲಿ ಕೂತ.

“ಚಿಕ್ಕಪ್ಪ, ಎಡಗಡೆ ಕಂಬಗಳನ್ನ ನೋಡಿ. ಅಪ್ಪ ಯಾವಾಗ್ಲೂ ಎಡಗಡೆ ಬರೀತಿದ್ರು, ಭುಜದ ಎತ್ತರಕ್ಕೆ.”

“ನನಗೆ ಹೇಳಿಕೊಡ್ತೀಯಾ? ಅವನ ಅಕ್ಷರ ನಿನಗಿಂತ ಜಾಸ್ತಿ ನೋಡಿದೋನು ನಾನು.”

“ಕಂಡ್ರೆ ಮುಟ್ಟಬೇಡಿ. ಯಾರೂ ಮುಟ್ಟದಂತೆ ನೋಡ್ಕೊಳ್ಳಿ. ಸರ್ಕಾರದ ಇನ್‌ಸ್ಪೆಕ್ಟರ್ ಬಂದು ಅವರೇ ಕಣ್ಣಾರೆ ನೋಡ್ಲಿ. ಅವರು ಬರೆದ್ರೆ ಮಾತ್ರ ಅದು ಸಾಕ್ಷಿ. ಕೇಳಿಸ್ತಾ?”

“ಕೇಳಿಸ್ತು ಮಗಳೆ. ಮುಟ್ಟಲ್ಲ.”

“ಇನ್ನೊಂದ್ಸಲ ಹೇಳಿ.”

“ಮುಟ್ಟಲ್ಲ ಅಂದ್ನಲ್ಲ. ಏನು, ಬೈಬಲ್ ತರ್ತೀಯಾ?”

ಮೂರನೆಯ ದಿನ ಮಧ್ಯಾಹ್ನ ಅವನು ಗಣಿಯಿಂದ ಮೇಲೆ ಬಂದವನು ಮುಖವನ್ನೂ ತೊಳೆಯದೆ ನೇರ ಅವಳ ಬಾಗಿಲಿಗೆ ಬಂದ. ಹೊಸಿಲು ದಾಟಲಿಲ್ಲ. “ಇದೆ ಕಣವ್ವ. ಎರಡಕ್ಷರ, ತಾರೀಖು, ಎಲ್ಲ ಇದೆ” ಎಂದ. ಅವನು ಕಣ್ಣಿಗೆ ಕಣ್ಣು ಕೊಡಲಿಲ್ಲ. ಧೂಳಿಗೆ ಕಣ್ಣು ಉರಿಯುತ್ತಿರಬೇಕೆಂದುಕೊಂಡಳು ಎಸ್ತರ್.

ಸುದ್ದಿ ಮೂರೂ ಸಾಲುಗಳಿಗೆ ಹರಡಲು ಅರ್ಧ ಗಂಟೆ ಹಿಡಿಯಲಿಲ್ಲ. ಸಂಜೆ ಮಿಸೆಸ್ ಪಿಯರ್ಟ್ ಬಂದಳು, ಕೈಯಲ್ಲಿ ಬಟ್ಟೆ ಮುಚ್ಚಿದ ಬೋಗುಣಿ. ಬಟಾಣಿ ಗಂಜಿ, ಮೇಲೆ ಹಂದಿಯ ಒಂದು ಮೂಳೆ. ಮೇಜಿನ ಮೇಲಿಟ್ಟು, “ಉಪ್ಪು ಕಮ್ಮಿ ಇರಬೋದು” ಎಂದಳು. ಬಂದ ದಾರಿಯಲ್ಲೇ ಹೊರಟುಹೋದಳು. ಎಸ್ತರ್ ಆ ಗಂಜಿಯನ್ನು ತಣ್ಣಗಾಗುವವರೆಗೂ ನೋಡುತ್ತ ಕೂತಿದ್ದು ಆಮೇಲೆ ತಿಂದಳು. ಉಪ್ಪು ಸರಿಯಾಗಿಯೇ ಇತ್ತು.

ಇನ್‌ಸ್ಪೆಕ್ಟರ್ ಎರಡು ದಿನ ಬಿಟ್ಟು ಒಳಗಿಳಿದ. ತೆಳ್ಳನೆಯ, ಕೆಡುಕಿಲ್ಲದ ಮನುಷ್ಯ. ಮೇಲೆ ಬಂದವನು ಸಂಘದ ಕಾರ್ಯದರ್ಶಿಯನ್ನೂ ಎಸ್ತರಳನ್ನೂ ಶಾಲೆಕೋಣೆಗೆ ಕರೆಸಿದ. ಅವಳಿಗೆ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

“ಮಿಸ್ ಹೆಸ್ಲಪ್, ಅಕ್ಷರಗಳಿವೆ. ತಾರೀಖೂ ಸರಿಯಾಗಿದೆ” ಎಂದ. “ಆದ್ರೆ ಸ್ಫೋಟ ಆದಾಗ ಆ ಕಂಬಗಳ ಮೇಲೆಲ್ಲ ಮಸಿ ಅಂಟಿ ಹಕ್ಕಳೆ ಕಟ್ಟಿದೆ. ಮುಂಚೆ ಬರೆದದ್ದಾಗಿದ್ರೆ ಸುಣ್ಣ ಮಸಿಯ ಕೆಳಗೆ ಇರ್ಬೇಕು. ಇದು ಮಸಿಯ ಮೇಲಿದೆ. ಬೆರಳು ತಾಗಿಸಿದ್ರೆ ಬೆರಳಿಗೆ ಬಂತು. ಪಕ್ಕದಲ್ಲಿ ಯಾರೋ ತೋಳಿನಿಂದ ಒರೆಸಿದ ಗುರುತಿದೆ. ಇದು ಈ ವಾರ ಬರೆದದ್ದು.”

ಕಾರ್ಯದರ್ಶಿ ನೆಲ ನೋಡಿದ. ಎಸ್ತರ್, “ಒರೆಸಿದ ಜಾಗದಲ್ಲಿ ಕೆಳಗೇನಾದ್ರೂ?” ಎಂದು ಕೇಳಿದಳು.

“ಬರಿ ಮರ ಇದೆ. ಮೊದಲು ಏನಾದ್ರೂ ಇದ್ದಿದ್ರೂ ಈಗ ಹೇಳೋಕಾಗಲ್ಲ. ಉಳಿದ ಕಂಬಗಳಲ್ಲಿ ಏನಿಲ್ಲ.” ತನ್ನ ಪುಸ್ತಕ ತೆರೆಯುತ್ತ ಮತ್ತೆ ಹೇಳಿದ: “ಯಾರು ಬರೆದ್ರು ಅಂತ ನಾನು ಕೇಳ್ತಿಲ್ಲ. ಆದ್ರೆ ಕಂಡದ್ದನ್ನ ಬರೀದೆ ಇರೋ ಹಾಗಿಲ್ಲ.”

ಅವನು ಬರೆದ. ಗುರುತು ಕೃತಕವೆಂದು ಬರೆದ. ಅದುವರೆಗೆ ಮ್ಯಾಥ್ಯೂ ಹೋಗಿರಬಹುದು, ಹೋಗದಿರಬಹುದು ಎನ್ನುವಷ್ಟಾದರೂ ಸಂದು ಉಳಿದಿತ್ತು. ಈಗ, ಸುಳ್ಳು ಗುರುತು ಬರೆಯುವಷ್ಟು ಕೈಖಾಲಿಯಾಗಿದೆಯೆಂದರೆ ನಿಜವಾದದ್ದು ಇರಲೇ ಇಲ್ಲ ಎಂದು ಊರು ತೀರ್ಮಾನಿಸಿತು. ಮಿಸೆಸ್ ಪಿಯರ್ಟ್ ಬೋಗುಣಿ ವಾಪಸು ಕೇಳಲು ಬರಲಿಲ್ಲ. ಎಸ್ತರ್ ತೊಳೆದು ಒಯ್ದು ಕೊಟ್ಟಾಗ ತಲೆಬಾಗಿಲಲ್ಲೇ ನಿಂತು ಇಸಿದುಕೊಂಡು, “ನಿಮ್ಮಪ್ಪ ಒಂದು ಸಲ ಸುಳ್ಳು ಬರೆದ. ನೀನು ಎರಡನೇ ಸಲ ಬರೆಸಿದೆ” ಎಂದಳು.

ಎಸ್ತರ್ ಅಲ್ಲಿಂದ ರಾಬ್‌ನ ಮನೆಗೆ ಹೋದಳು. ಅವನು ಹಿತ್ತಿಲಲ್ಲಿ ಲೀಕ್ ಎಂಬ ಈರುಳ್ಳಿ ಜಾತಿಯ ಗಿಡಗಳಿಗೆ ಮಣ್ಣೇರಿಸುತ್ತಿದ್ದ. ಅವಳು ಬಂದದ್ದನ್ನು ನೋಡಿ ಸಲಿಕೆ ಕೆಳಗಿಟ್ಟ.

“ಮುಟ್ಟಬೇಡಿ ಅಂದಿದ್ದೆ.”

“ಅಂದಿದ್ದೆ.”

“ಮತ್ತೆ?”

“ಇತ್ತು ಎಸ್ತರ್. ದೇವರಾಣೆ ಇತ್ತು. ಹಕ್ಕಳೆ ಒಂದು ಕಡೆ ಎದ್ದಿತ್ತು, ಅದರಡಿ ಬೆಳ್ಳಗೆ ಎಮ್ ಕಾಣಿಸ್ತು. ಪಕ್ಕದಲ್ಲಿ ಎಚ್‌ನ ಒಂದು ಕಾಲು. ಪೂರ್ತಿ ಕಾಣ್ಲಿ ಅಂತ ತೋಳಲ್ಲಿ ಮೆಲ್ಲಗೆ ಒರೆಸ್ದೆ. ಮಸಿ ಜೊತೆ ಅದೂ ಬಂದ್ಬಿಡ್ತು. ಕೈಯಲ್ಲೇ ಬಂದ್ಬಿಡ್ತು. ನಾನೇನ್ ಮಾಡ್ಲಿ? ಜೇಬಲ್ಲಿ ಸೀಮೆಸುಣ್ಣ ಇತ್ತು. ನಾನು ಅಳಿಸಿದ್ದನ್ನ ನಾನೇ ಮತ್ತೆ ಇಟ್ಟೆ. ಇದ್ದ ಜಾಗಕ್ಕೇ ಇಟ್ಟೆ.”

“ಆದ್ರೆ ಅಕ್ಷರ ಇರೋದು ಮಸಿಯ ಮೇಲೆ.”

“ಒರೆಸಿದ ಮರ ಒದ್ದೆ, ಸುಣ್ಣ ಹತ್ತಲಿಲ್ಲ. ಒಂದು ಗೇಣು ಪಕ್ಕಕ್ಕೆ ಬರೆದೆ.”

“ಈಗ ತಾನೆ ಇದ್ದ ಜಾಗಕ್ಕೇ ಅಂದ್ರಿ.”

ಅವನು ಬಗ್ಗಿ ಸಲಿಕೆ ಎತ್ತಿಕೊಂಡ. ಆ ಕ್ಷಣ ಎಸ್ತರಳಿಗೆ ತನ್ನ ದನಿ ತನಗೇ ಕೇಳಿಸಿತು. ಮೆತ್ತಗೆ, ಅವಸರವಿಲ್ಲದೆ, ಕನ್ನಡಕ ಒರೆಸಿಕೊಳ್ಳುತ್ತ ಕೇಳಿದ ಆ ವಕೀಲನ ದನಿಯಂತೆಯೇ ಇತ್ತು. ಅವಳು ತಿರುಗಿ ಮನೆಗೆ ಬಂದಳು.

ಆಮೇಲಿನ ಎಂಟು ವರ್ಷ ರಾಬ್ ಆ ಕತೆಯನ್ನು ಅವಳಿಗೆ ಎಷ್ಟೋ ಸಲ ಹೇಳಿದ. ಅವಳು ಕೇಳದೆಯೂ ಹೇಳಿದ. ಒಂದು ಸಲ ಎಮ್ ಮಾತ್ರ ಕಂಡಿತ್ತು. ಇನ್ನೊಂದು ಸಲ ಎರಡಕ್ಷರವೂ, ತಾರೀಖಿನ ಬಾಲವೂ ಕಂಡಿತ್ತು. ಒಮ್ಮೆ ಒರೆಸಿದ್ದು ತೋಳಿನಿಂದ, ಇನ್ನೊಮ್ಮೆ ಟೋಪಿಯಿಂದ. ಒಮ್ಮೆ ಜೊತೆಯವನೊಬ್ಬ ದೀಪ ಹಿಡಿದಿದ್ದ, ಇನ್ನೊಮ್ಮೆ ಅವನೊಬ್ಬನೇ ಇದ್ದ. ಎಸ್ತರ್ ಸುಮ್ಮನೆ ಕೂತು ಹೊಲಿಗೆ ಹಾಕುತ್ತ ಕೇಳುವಳು. ಹೋದ ಸಲ ಏನು ಹೇಳಿದ್ದನೋ ಅದು ಅವಳಿಗೆ ಅಕ್ಷರ ಬಿಡದೆ ನೆನಪಿರುತ್ತಿತ್ತು. ಅಷ್ಟು ವರ್ಷ ಕಲಿತದ್ದೆಲ್ಲ ಕೊನೆಗೆ ಈ ಒಬ್ಬ ಮುದುಕನ ಮುಂದೆ ಬಂದು ನಿಂತಿತ್ತು. ಅವಳು ಮನಸ್ಸು ಮಾಡಿದ್ದರೆ ಐದು ನಿಮಿಷದಲ್ಲಿ ಅವನ ಮಾತನ್ನು ಮೂರನೆಯ ಮೆಟ್ಟಿಲು ಹತ್ತಿ ಕೆಡವಬಹುದಿತ್ತು. ಆದರೆ ಇಡೀ ಊರಿನಲ್ಲಿ ಅಪ್ಪ ಒಳಗೆ ಹೋಗಿದ್ದನೆಂದು ಹೇಳುವವನು ಅವನೊಬ್ಬನೇ. ಅವಳು ಸೂಜಿಗೆ ದಾರ ಪೋಣಿಸಿ, “ಹೌದಾ ಚಿಕ್ಕಪ್ಪ” ಎನ್ನುತ್ತಿದ್ದಳು.

ಅವನು ಹಾಸಿಗೆ ಹಿಡಿದ ಚಳಿಗಾಲದಲ್ಲಿ ಎಸ್ತರ್ ದಿನವೂ ಮಧ್ಯಾಹ್ನ ಸಾರು ಒಯ್ಯುತ್ತಿದ್ದಳು. ಹೆಂಡತಿ ತೀರಿಕೊಂಡಿದ್ದಳು; ಸೊಸೆ ಒಬ್ಬಳು ಬಂದು ಹೋಗಿ ಮಾಡುತ್ತಿದ್ದಳು. ಒಂದು ಗುರುವಾರ ಅವನು ಎರಡು ಚಮಚ ಕುಡಿದು ಸಾಕೆಂದ. ಉಸಿರಿಗಾಗಿ ಸ್ವಲ್ಪ ಹೊತ್ತು ಕಾದ.

“ನೀನು ಯಾವತ್ತೂ ನನ್ನ ತಡೆದು ಕೇಳ್ಲಿಲ್ಲ” ಎಂದ. “ಆವತ್ತು ಹಿತ್ತಿಲಲ್ಲಿ ಕೇಳಿದ್ದೇ ಕೊನೆ. ಯಾಕೆ ಅಂತ ನನಗೆ ಗೊತ್ತು. ಅಷ್ಟು ದಡ್ಡ ಅಲ್ಲ ನಾನು.”

“ಮಾತು ಬೇಡ ಚಿಕ್ಕಪ್ಪ, ದಣಿವಾಗುತ್ತೆ.”

“ದಣಿವಾಗಿ ಏನಾಗ್ಬೇಕಿದೆ ಇನ್ನು. ಈಗ ಕೇಳು. ಕೇಳಿಬಿಡು.”

ಎಸ್ತರ್ ಬಟ್ಟಲನ್ನು ಕೆಳಗಿಟ್ಟಳು. ಕೇಳಬಾರದೆಂದು ಎಂಟು ವರ್ಷ ತಡೆದಿದ್ದಳು. “ಒರೆಸೋ ಮುಂಚೆ ಏನಾದ್ರೂ ಇತ್ತಾ?” ಎಂದಳು.

ಅವನು ಮಾಡಿನ ಕಡೆ ನೋಡಿದ.

“ಗೊತ್ತಿಲ್ಲ ಮಗಳೆ” ಎಂದ. “ಮೊದಮೊದಲು ಗೊತ್ತಿತ್ತು ಅನ್ಸುತ್ತೆ. ಈಗ ಕಣ್ಣು ಮುಚ್ಚಿದ್ರೆ ಎರಡಕ್ಷರ ದೀಪದಷ್ಟು ಸ್ಪಷ್ಟ ಕಾಣಿಸ್ತವೆ. ಆದ್ರೆ ಅವು ನಾನು ಬರೆದವು. ಅದರ ಹಿಂದೆ ಏನಿತ್ತು ಅಂತ ನೋಡಕ್ಕೆ ಹೋದ್ರೆ ಅವೇ ಅಡ್ಡ ಬರ್ತವೆ.”

“ಮ್ಯಾಥ್ಯೂ ಹೋಗದೆ ಸಹಿ ಹಾಕೋನಾ?” ಎಂದು ಅವನೇ ಮತ್ತೆ ಕೇಳಿದ. ಅವಳನ್ನಲ್ಲ, ಮಾಡನ್ನು. “ಅವನು ಹಾಕೋನಲ್ಲ. ನಾನು ಒಂದೆರಡು ಸಲ ಹಾಕಿದೀನಿ. ಎಲ್ರೂ ಹಾಕಿದಾರೆ. ಅವನು…” ಅಲ್ಲಿಗೆ ಕೆಮ್ಮು ಹಿಡಿಯಿತು. ಕೆಮ್ಮು ನಿಂತ ಮೇಲೆ ಮಾತನ್ನು ಮುಗಿಸಲಿಲ್ಲ.

ಒಳಗೆ ಹೋಗದೆಯೇ ಎಲ್ಲರೂ ಸಹಿ ಹಾಕಿದಾರೆ ಎಂಬುದನ್ನು ಹದಿಮೂರು, ಎಂಟು, ಒಟ್ಟು ಇಪ್ಪತ್ತೊಂದು ವರ್ಷದಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಎಸ್ತರ್ ಅವನ ಬಾಯಿ ಒರೆಸಿದಳು, ದಿಂಬು ಸರಿಮಾಡಿದಳು. ಸೊಸೆ ಬಂದ ಮೇಲೆ ಶಾಲು ಹೊದ್ದು ಹೊರಟಳು. ಚಾಪೆಲಿನ ಮುಂದೆ ಹಾದು ಬರುವಾಗ ದಿನವೂ ನೋಡುತ್ತಿದ್ದ ಆ ಕಲ್ಲಿನ ಕಡೆ ಇಂದು ತಿರುಗಲಿಲ್ಲ. ಎದುರಿಗೆ ಬೆಲ್ಲಾ ಸಿಕ್ಕಿ, “ಹೇಗಿದಾನೆ ಮುದುಕ?” ಎಂದಳು. “ಹಾಗೇ ಇದಾರೆ” ಎಂದಳು ಎಸ್ತರ್.

ಗುರುವಾರ ಬ್ರೆಡ್ ಸುಡುವ ದಿನ. ಬೆಳಿಗ್ಗೆ ಒಲೆಯ ಮಗ್ಗುಲಿಗಿಟ್ಟು ಹೋಗಿದ್ದ ಹಿಟ್ಟು ಹೊತ್ತು ಮೀರಿ ಉಬ್ಬಿ, ಮಣ್ಣಿನ ಬಾಣಲಿಯ ಅಂಚು ದಾಟಿ, ಮೇಲೆ ಮುಚ್ಚಿದ್ದ ಬಟ್ಟೆಗೆ ಅಂಟಿಕೊಂಡಿತ್ತು. ಅವಳು ಶಾಲು ತೆಗೆದು ಗೂಟಕ್ಕೆ ಹಾಕಿ, ಕೈ ತೊಳೆದು, ಬಟ್ಟೆಗಂಟಿದ್ದನ್ನು ಬೆರಳಿನಿಂದ ಬಿಡಿಸಿ ಮತ್ತೆ ಬಾಣಲಿಗೆ ಸೇರಿಸಿದಳು. ಮುಷ್ಟಿಯಿಂದ ಒತ್ತಿ ಗಾಳಿ ಬಿಡಿಸಿದಳು. ಹಲಗೆಯ ಮೇಲೆ ಒಣಹಿಟ್ಟು ಉದುರಿಸಿ, ನಾದಿ, ನಾಲ್ಕು ಪಾಲು ಮಾಡಿ ತಗಡಿನ ಅಚ್ಚುಗಳಲ್ಲಿಟ್ಟಳು. ಒಲೆಗೆ ಒಂದು ಸಲಿಕೆ ಕಲ್ಲಿದ್ದಲು ಹಾಕಿ, ಗೂಡಿನ ಬಾಗಿಲು ತೆರೆದು, ಕಾವು ಸಾಕಾಗಿದೆಯೇ ಎಂದು ಕೈ ಒಳಗೆ ಚಾಚಿ ನೋಡಿದಳು.